ರೈಲು ಬಿಟ್ಟ ಹಾದಿ ಯಾರದು?

ಹಾದಿಯೆಂಬುದು ಒಂದು ವಿಲಕ್ಷಣವಾದ ಸೊತ್ತು. ಹೊಲಕ್ಕೆ ಒಡೆಯನುಂಟು, ಮನೆಗೆ ಒಡೆಯನುಂಟು, ಕೆರೆಗೂ ಊರೆಂಬ ಒಡೆಯನುಂಟು. ಹಾದಿಯಾದರೋ ಅದರ ಮೇಲೆ ಯಾರು ಕಾಲಿಟ್ಟಿರುವರೋ ಆ ಗಳಿಗೆಗೆ ಅವರದು. ಅವರು ದಾಟಿಹೋದ ಮರುಗಳಿಗೆಗೆ ಹಿಂದೆ ಬಂದವರದು. ಬೇರೆ ಸೊತ್ತುಗಳು ಬಳಸಿದಷ್ಟೂ ಸವೆಯುತ್ತವೆ. ಕಾಲುಹಾದಿ ಮಾತ್ರ ಬಳಸದಿದ್ದರೆ ಅಳಿಯುತ್ತದೆ. ಹಳಗನ್ನಡದಲ್ಲಿ ಹಾದಿಗೆ ‘ಬಟ್ಟೆ’ ಎಂದು ಹೆಸರು. ತರಗತಿಯಲ್ಲಿ ಈ ಅರ್ಥವನ್ನು ಹೇಳಿದಾಗಲೆಲ್ಲ ಹುಡುಗರು ತಮ್ಮ ಅಂಗಿಯ ತುದಿಯನ್ನು ಹಿಡಿದು ನಗುತ್ತಾರೆ. ಆ ಶಬ್ದದಿಂದ ಒಂದು ಅರ್ಥ ಎದ್ದುಹೋಗಿದೆ, ಇನ್ನೊಂದು ಅರ್ಥ ಇಡೀ ಮನೆಯನ್ನು ತನ್ನದಾಗಿ ಮಾಡಿಕೊಂಡು ಕುಳಿತಿದೆ. ಶಬ್ದಗಳ ಲೋಕದಲ್ಲಿ ಇದಕ್ಕೆ ವ್ಯಾಜ್ಯವಿಲ್ಲ. ನೆಲದ ವಿಷಯದಲ್ಲಿ ಮಾತ್ರ, ಒಂದು ಬಳಕೆ ಎದ್ದುಹೋದ ಜಾಗದಲ್ಲಿ ಇನ್ನೊಂದು ಬಳಕೆ ಬಂದು ಕೂಡುವಾಗ, ಯಾರನ್ನು ಕೇಳಬೇಕು ಎಂಬ ಪ್ರಶ್ನೆ ಹುಟ್ಟುತ್ತದೆ. ಈ ಲೇಖನ ಆ ಪ್ರಶ್ನೆಯನ್ನು ಕುರಿತದ್ದು.

ಪರದೇಶಗಳಲ್ಲಿ ಕಳೆದ ಅರುವತ್ತು ವರ್ಷಗಳಿಂದ ಒಂದು ಹೊಸ ಬಗೆಯ ಹಾದಿ ರೂಢಿಗೆ ಬಂದಿದೆ. ರೈಲು ಓಡುವುದು ನಿಂತುಹೋದ ಮಾರ್ಗದಲ್ಲಿ ಹಳಿಗಳನ್ನು ಕಿತ್ತು, ನೆಲವನ್ನು ಸಮಮಾಡಿ, ಡಾಂಬರನ್ನೋ ಕಾಂಕ್ರೀಟನ್ನೋ ಹಾಕಿ, ನಡೆಯುವವರಿಗೆ, ಸೈಕಲ್ ತುಳಿಯುವವರಿಗೆ, ಮಕ್ಕಳ ಗಾಡಿಯನ್ನು ತಳ್ಳಿಕೊಂಡು ಹೋಗುವ ತಾಯಂದಿರಿಗೆ, ಗಾಲಿಕುರ್ಚಿಯಲ್ಲಿ ಕುಳಿತವರಿಗೆ ಬಿಟ್ಟುಕೊಡುವುದು. ಮೋಟಾರು ಅಲ್ಲಿಗೆ ಬರುವಂತಿಲ್ಲ. ಅಮೆರಿಕದಲ್ಲಿ 1916ರ ಹೊತ್ತಿಗೆ ರೇಲ್ವೆ ಮಾರ್ಗಗಳ ಉದ್ದ 2,54,000 ಮೈಲಿಗಳಷ್ಟಿತ್ತು. ಆಮೇಲೆ ಮೋಟಾರು ಬಂದಿತು, ಲಾರಿ ಬಂದಿತು. ಒಂದೊಂದಾಗಿ ಮಾರ್ಗಗಳು ಮುಚ್ಚಿದವು. ಚಿಕಾಗೋ ನಗರದಿಂದ ಅರೋರಾ, ಎಲ್ಜಿನ್ ಊರುಗಳಿಗೆ ಹೋಗುತ್ತಿದ್ದ ವಿದ್ಯುತ್ ರೈಲು 1957ರಲ್ಲಿ ಪ್ರಯಾಣಿಕರನ್ನು ಒಯ್ಯುವುದನ್ನು ನಿಲ್ಲಿಸಿತು. 1963ರಲ್ಲಿ ಮೇ ಥೀಲ್‌ಗಾರ್ಡ್ ವಾಟ್ಸ್ ಎಂಬ ನಿಸರ್ಗಶಾಸ್ತ್ರದ ಅಧ್ಯಾಪಕಿ ‘ಚಿಕಾಗೋ ಟ್ರಿಬ್ಯೂನ್’ ಪತ್ರಿಕೆಯ ಸಂಪಾದಕರಿಗೆ ಒಂದು ಪತ್ರ ಬರೆದು, ಈ ನೆಲ ಯಂತ್ರಗಳ ಬಾಯಿಗೆ ಬೀಳುವ ಮೊದಲೇ ಅದನ್ನು ನಡೆಯುವವರ ಹಾದಿಯಾಗಿ ಉಳಿಸಿಕೊಳ್ಳಬೇಕೆಂದು ಕೇಳಿದರು. ಪತ್ರಿಕೆಗೆ ಪತ್ರ ಬರೆದು ಏನಾದೀತು ಎನ್ನುವವರು ಈ ಸಂಗತಿಯನ್ನು ನೆನಪಿನಲ್ಲಿಡಬಹುದು: ಆ ಪತ್ರದಿಂದಲೇ ‘ಇಲಿನಾಯ್ ಪ್ರೇರಿ ಪಾತ್’ ಎಂಬ ಹಾದಿ ಹುಟ್ಟಿತು. ಅದೇ ದಶಕದಲ್ಲಿ ವಿಸ್ಕಾನ್ಸಿನ್ ರಾಜ್ಯ ಎಲ್‌ರಾಯ್‌ಯಿಂದ ಸ್ಪಾರ್ಟಾದವರೆಗಿನ 32 ಮೈಲಿಗಳ ಹಳೆಯ ಮಾರ್ಗವನ್ನು, ಅದರ ಮೂರು ಸುರಂಗಗಳ ಸಹಿತ, ಕೊಂಡು ಹಾದಿ ಮಾಡಿತು. ಇಂದು ಅಂಥ ಹಾದಿಗಳು ಆ ದೇಶದಲ್ಲಿ 25,000 ಮೈಲಿಗಳನ್ನು ಮೀರಿವೆ. ಇಂಗ್ಲಂಡಿನಲ್ಲಿ ಬ್ರಿಸ್ಟಲ್ ಮತ್ತು ಬಾತ್ ಊರುಗಳ ನಡುವಣ 13 ಮೈಲಿಗಳ ಹಾದಿಯನ್ನು 1979ರಿಂದ 1986ರ ವರೆಗೆ ಬಹುಮಟ್ಟಿಗೆ ಸ್ವಯಂಸೇವಕರೇ ಗುದ್ದಲಿ ಹಿಡಿದು ಮಾಡಿದರು.

ರೈಲಿನ ಹಾದಿ ನಡೆಯುವವರಿಗೆ ಇಷ್ಟು ಒಗ್ಗುವುದಕ್ಕೆ ಒಂದು ಕಾರಣವುಂಟು. ಕಬ್ಬಿಣದ ಹಳಿಯ ಮೇಲೆ ಉರುಳುವ ಕಬ್ಬಿಣದ ಗಾಲಿಗೆ ಹಿಡಿತ ಕಡಿಮೆ. ಏರು ಸ್ವಲ್ಪ ಹೆಚ್ಚಾದರೂ ಅದು ಜಾರುತ್ತದೆ. ಆದ್ದರಿಂದ ನೂರು ಅಡಿ ಹೋದರೆ ಒಂದಡಿ ಏರು ಎಂಬುದೇ ರೈಲಿಗೆ ದೊಡ್ಡ ಏರು; ಘಟ್ಟಗಳಲ್ಲಿ ಐವತ್ತಕ್ಕೆ ಒಂದು ಎಂದರೆ ಎಂಜಿನ್ನು ಏದುಸಿರುಬಿಡುತ್ತದೆ. ಈ ಕಾರಣದಿಂದ ರೇಲ್ವೆಯ ಎಂಜಿನಿಯರರು ಗುಡ್ಡವನ್ನು ಕಡಿದರು, ತಗ್ಗನ್ನು ತುಂಬಿದರು, ಹಳ್ಳಕ್ಕೆ ಸೇತುವೆ ಹಾಕಿದರು, ತಿರುವುಗಳನ್ನು ದೂರದಿಂದಲೇ ಬಳುಕಿಸಿದರು. ಎಂಜಿನ್ನಿಗೆಂದು ತೋರಿದ ಈ ದಯೆ ನೂರು ವರ್ಷಗಳ ಮೇಲೆ ಮೊಣಕಾಲು ನೋವಿನ ಮುದುಕನಿಗೆ ಒದಗಿಬಂದಿತು. ಯಾರಿಗೋ ಮಾಡಿದ ಒಳ್ಳೆಯದು ಇನ್ನಾರಿಗೋ ಸಲ್ಲುವುದೆಂದರೆ ಹೀಗೆ.

ಇದೆಲ್ಲ ಪರದೇಶದ ಮಾತಾಯಿತು. ನಮಗೆ ಇದರಿಂದ ಏನು ಎಂದು ಓದುಗರು ಕೇಳಬಹುದು. ನವನಗರದಲ್ಲಿ ವಾಸಿಸುವ ನನ್ನಂಥವನಿಗೆ ಈ ಪ್ರಶ್ನೆ ಸಹಜವೇ. ಹುಬ್ಬಳ್ಳಿಗೂ ಧಾರವಾಡಕ್ಕೂ ನಡುವೆ, ಉಣಕಲ್ಲ, ಅಮರಗೋಳ, ನವಲೂರ ನಿಲ್ದಾಣಗಳ ಸರಣಿಯಲ್ಲಿ, ನಮ್ಮ ಕಿವಿಗೆ ರೈಲಿನ ಸದ್ದು ಹೊಸದಲ್ಲ. ಈ ಮಾರ್ಗ ಸತ್ತಿಲ್ಲ. ಅದು ತುಂಬು ಪ್ರಾಯದಲ್ಲಿದೆ. 2003ರಲ್ಲಿ ಹುಬ್ಬಳ್ಳಿ ನೈಋತ್ಯ ರೇಲ್ವೆಯ ಕೇಂದ್ರವಾಯಿತು. 2023ರಲ್ಲಿ ಅಲ್ಲಿ 1,507 ಮೀಟರ್ ಉದ್ದದ, ಜಗತ್ತಿನಲ್ಲೇ ಎಲ್ಲಕ್ಕಿಂತ ಉದ್ದವೆಂದು ಹೆಸರಾದ ಪ್ಲಾಟ್‌ಫಾರ್ಮಿನ ಉದ್ಘಾಟನೆಯಾಯಿತು. ನಮ್ಮ ನಾಡಿನಲ್ಲಿ ರೈಲು ಹಾದಿಯನ್ನು ಬಿಟ್ಟುಕೊಡುವುದಕ್ಕಿಂತ ಹಾದಿಯನ್ನು ಕೇಳುವುದೇ ಹೆಚ್ಚು.

ಆದರೂ ನಮ್ಮಲ್ಲೂ ಒಂದು ಉದಾಹರಣೆ ನಡೆದುಹೋಗಿದೆ. ಅದನ್ನು ಯಾರೂ ಯೋಜಿಸಲಿಲ್ಲ. ಹಾಸನದಿಂದ ಮಂಗಳೂರಿಗೆ ಮೀಟರ್ ಗೇಜಿನ ಮಾರ್ಗ 1979ರಲ್ಲಿ ಪೂರ್ಣವಾಯಿತು. ಅದನ್ನು ಬ್ರಾಡ್ ಗೇಜಿಗೆ ಬದಲಿಸಲೆಂದು 1996ರಲ್ಲಿ ರೈಲುಗಳನ್ನು ನಿಲ್ಲಿಸಿದರು. ಮತ್ತೆ ಸರಕು ಗಾಡಿ ಓಡಿದ್ದು 2006ರಲ್ಲಿ, ಪ್ರಯಾಣಿಕರ ಗಾಡಿ ಓಡಿದ್ದು 2007ರ ಕೊನೆಯಲ್ಲಿ. ನಡುವಿನ ಹತ್ತು ವರ್ಷ ಸಕಲೇಶಪುರದಿಂದ ಸುಬ್ರಹ್ಮಣ್ಯದವರೆಗಿನ ಘಟ್ಟದ ಮಾರ್ಗ, 57 ಸುರಂಗಗಳನ್ನೂ ನೂರಕ್ಕೆ ಮಿಕ್ಕ ಸೇತುವೆಗಳನ್ನೂ ಹೊತ್ತುಕೊಂಡು, ಬರಿದಾಗಿ ಬಿದ್ದಿತ್ತು. ಆಗ ಅಲ್ಲಿಗೆ ನಡೆಯುವವರು ಬಂದರು. ಬೆಂಗಳೂರಿನಿಂದ, ಮೈಸೂರಿನಿಂದ, ಮಂಗಳೂರಿನಿಂದ ಹುಡುಗರು ಬೆನ್ನಿಗೆ ಚೀಲ ಕಟ್ಟಿಕೊಂಡು, ಕೈಯಲ್ಲಿ ಬ್ಯಾಟರಿ ಹಿಡಿದು, ಸುರಂಗದ ಕತ್ತಲೆಯಲ್ಲಿ ಒಬ್ಬರನ್ನೊಬ್ಬರು ಕೂಗಿಕೊಳ್ಳುತ್ತ, ಎಡಕುಮೇರಿಯ ಪಾಳುಬಿದ್ದ ನಿಲ್ದಾಣದಲ್ಲಿ ಅವಲಕ್ಕಿ ತಿಂದು ನಡೆದರು. ಸರಕಾರ ಹಾದಿಯೆನ್ನದ ನೆಲವನ್ನು ಕಾಲುಗಳು ಹಾದಿಯೆಂದು ತೀರ್ಮಾನಿಸಿದವು. ರೈಲು ಮರಳಿ ಬಂದಿತು, ನಡೆಯುವವರು ತಪ್ಪಿತಸ್ಥರಾದರು. 1989ರ ರೇಲ್ವೆ ಕಾಯದೆಯ 147ನೆಯ ಕಲಮಿನ ಪ್ರಕಾರ ಹಳಿಯ ಮೇಲೆ ಅನುಮತಿಯಿಲ್ಲದೆ ನಡೆದವರಿಗೆ ಆರು ತಿಂಗಳವರೆಗೆ ಸೆರೆ, ಅಥವಾ ಸಾವಿರ ರೂಪಾಯಿಯವರೆಗೆ ದಂಡ, ಅಥವಾ ಎರಡೂ. ನಮ್ಮ ಹುಬ್ಬಳ್ಳಿಯ ಹುಡುಗರು ಕ್ಯಾಸಲ್‌ರಾಕ್‌ನಲ್ಲಿ ಇಳಿದು ದೂಧಸಾಗರದ ಕಡೆಗೆ ಹಳಿಗುಂಟ ನಡೆಯುವುದಕ್ಕೂ ಇದೇ ಅಡ್ಡಿ. ಓಡುವ ರೈಲಿನ ಮುಂದೆ ನಡೆಯುವುದು ಬುದ್ಧಿವಂತರ ಕೆಲಸವಲ್ಲ; ಕಾಯದೆ ಅಲ್ಲಿ ಸರಿಯಾಗಿಯೇ ಇದೆ. ಆದರೆ ಆ ಹತ್ತು ವರ್ಷ ಒಂದು ಸಂಗತಿಯನ್ನು ತೋರಿಸಿಕೊಟ್ಟವು. ಒಂದು ನೆಲವನ್ನು ಎಲ್ಲರಿಗಾಗಿ ಎಂದು ಒಮ್ಮೆ ಪಡೆದಮೇಲೆ, ಅದು ಬಿಡುವಾದಾಗ ಎಲ್ಲರೂ ಅದರ ಕಡೆಗೆ ಕಾಲೆಳೆಯುತ್ತಾರೆ.

ಹುಬ್ಬಳ್ಳಿಯಲ್ಲಿ ಈಗ ನಡೆಯುತ್ತಿರುವ ಇನ್ನೊಂದು ಕೆಲಸವೂ ಈ ಜಾತಿಯದೇ. ಉಣಕಲ್ಲ ಕೆರೆಯಿಂದ ಹೊರಟು ಊರ ನಡುವೆ ಹರಿಯುವ ನಾಲೆಯ ದಂಡೆಗುಂಟ, ಕೇಂದ್ರ ಸರಕಾರ ಮತ್ತು ಫ್ರಾನ್ಸ್ ದೇಶದ ಅಭಿವೃದ್ಧಿ ಸಂಸ್ಥೆಗಳು ಸೇರಿ ನಡೆಸಿದ ಒಂದು ಕಾರ್ಯಕ್ರಮದ ನೆರವಿನಿಂದ, ಸೈಕಲ್ಲಿಗೂ ನಡಿಗೆಗೂ ಹಾದಿ ಮಾಡುವ ಯೋಜನೆ ಹೊರಟಿತು. ಕೆಲವು ಭಾಗ ಆಗಿಯೂ ಇದೆ. ರೈಲು ಬಿಟ್ಟ ಹಾದಿ ಅದಲ್ಲ. ಊರು ಹೊಲಸು ಸುರಿದು ಮರೆತ ನೀರಿನ ಹಾದಿ. ಹೆದ್ದಾರಿಯನ್ನು ಅಗಲಮಾಡಿ 2018ರಲ್ಲಿ ತ್ವರಿತ ಬಸ್ಸುಗಳನ್ನು ಓಡಿಸಿದಮೇಲೆ ಸಾಲುಮರಗಳ ನೆರಳಿನಲ್ಲಿ ನಡೆಯುವ ಸುಖ ಎಷ್ಟೋ ಕಡೆ ಇಲ್ಲವಾಗಿದೆ. ನಸುಕಿನಲ್ಲಿ ಎದ್ದು ಸಕ್ಕರೆ ಕಾಯಿಲೆಗಾಗಿ ನಡೆಯುವ ನಮ್ಮ ಪೇಟೆಯ ಜನಕ್ಕೆ ಇಂಥ ಹಾದಿ ಬೇಕೇ ಬೇಕು. ಆದುದರಿಂದ ಪ್ರಶ್ನೆಯನ್ನು ದೂರದೇಶದ್ದೆಂದು ತಳ್ಳಿಹಾಕುವಂತಿಲ್ಲ.

ಈಗ ಮೂಲ ಪ್ರಶ್ನೆಗೆ ಬರೋಣ. ಒಂದು ಕೆಲಸಕ್ಕಾಗಿ ಜನರಿಂದ ಪಡೆದ ನೆಲ, ಆ ಕೆಲಸ ಮುಗಿದಮೇಲೆ ಯಾರದು?

ನನ್ನ ವಿದ್ಯಾರ್ಥಿಯೊಬ್ಬನ ತಂದೆ ಅಣ್ಣಿಗೇರಿಯ ಕಡೆಯ ರೈತರು. ಒಮ್ಮೆ ಮಗನನ್ನು ನೋಡಲು ಬಂದವರ ಮುಂದೆ ನಾನು ಈ ಪರದೇಶದ ಹಾದಿಗಳ ವಿಚಾರವನ್ನು ಉತ್ಸಾಹದಿಂದ ಹೇಳಿದೆ. ಅವರು ಎಲೆಗೆ ಸುಣ್ಣ ಸವರುತ್ತ ಎಲ್ಲವನ್ನೂ ಕೇಳಿದರು. ಆಮೇಲೆ ಹೇಳಿದರು: “ಮಾಸ್ತರ, ನಮ್ಮ ಮುತ್ಯಾನ ಕಾಲಕ್ಕ ರೈಲು ಬಂದು ನಮ್ಮ ಹೊಲಾ ಎರಡು ತುಂಡ ಮಾಡಿತು. ಈ ಕಡೆ ನಾಕ ಎಕರೆ, ಆ ಕಡೆ ಮೂರು ಎಕರೆ. ಇವತ್ತಿಗೂ ಚಕ್ಕಡಿ ಹೊಡಕೊಂಡು ಆ ಕಡೆ ಹೋಗಬೇಕಂದರ ಗೇಟಿನ ತನಕಾ ಸುತ್ತಬೇಕ್ರಿ. ನಾಳೆ ರೈಲು ಬ್ಯಾಡ ಅಂತ ಬಿಟ್ಟರ, ಅದರ ಮ್ಯಾಲ ನೀವು ಸೈಕಲ್ ಹೊಡೀತೀರಿ ಅಂತೀರಿ. ಹೊಡೀರಿ, ನಾ ಬ್ಯಾಡ ಅನ್ನಂಗಿಲ್ಲ. ಆದರ ನಮ್ಮನ್ನ ಒಂದ ಮಾತ ಕೇಳತೀರೋ ಇಲ್ಲೋ?”

ಆ ಮಾತಿನಲ್ಲಿ ಸಿಟ್ಟಿರಲಿಲ್ಲ; ಅದರಿಂದಲೇ ಅದಕ್ಕೆ ತೂಕ ಹೆಚ್ಚು. ಅದನ್ನು ಸರಿಯಾಗಿ ತೂಗಬೇಕಾದರೆ, ಆ ನೆಲವನ್ನು ಅಂದು ಯಾತಕ್ಕಾಗಿ ಪಡೆದರು ಎಂಬುದನ್ನು ಮೊದಲು ನೆನೆಯಬೇಕು. 1876ರಿಂದ 78ರ ವರೆಗೆ, ಧಾತು ಈಶ್ವರ ಸಂವತ್ಸರಗಳಲ್ಲಿ, ಧಾರವಾಡ, ವಿಜಾಪುರ, ಬಳ್ಳಾರಿಗಳ ಸೀಮೆ ಭೀಕರವಾದ ಬರವನ್ನು ಕಂಡಿತು. ಒಂದು ಸೀಮೆಯಲ್ಲಿ ಕಾಳು ಇದ್ದರೂ ಇನ್ನೊಂದು ಸೀಮೆಗೆ ಎತ್ತಿನ ಗಾಡಿಯಲ್ಲಿ ಬೇಗನೆ ಸಾಗಿಸಲಾಗದೆ ಜನ ಸತ್ತರು; ಎಳೆಯಬೇಕಾದ ಎತ್ತುಗಳೂ ಸತ್ತಿದ್ದವು. ಬರಗಾಲದ ಆಯೋಗ ರೈಲು ಬೇಕೆಂದು ಹೇಳಿತು. 1882ರಲ್ಲಿ ಸದರ್ನ್ ಮರಾಠಾ ರೇಲ್ವೆ ಕಂಪನಿ ಸ್ಥಾಪನೆಯಾಗಿ, ಆ ದಶಕ ಮುಗಿಯುವುದರೊಳಗೆ ಗದಗ, ಹುಬ್ಬಳ್ಳಿ, ಧಾರವಾಡಗಳನ್ನು ಹಳಿಗಳು ಕೂಡಿಸಿದವು. ಮರ್ಮಗೋವಾ ಬಂದರಿನ ತನಕ ದಾರಿ ತೆರೆಯಿತು. ಕಂಪನಿಗೆ ನಮ್ಮ ಎರೆಭೂಮಿಯ ಹತ್ತಿಯ ಮೇಲೂ ಕಣ್ಣಿತ್ತೆಂಬುದು ನಿಜ. ಆದರೂ ರೈತನಿಗೆ ಹೇಳಿದ ಕಾರಣ ಅನ್ನ. ಅನ್ನಕ್ಕಾಗಿ ಎಂದಾಗ ಯಾರು ತಾನೇ ಇಲ್ಲವೆನ್ನುತ್ತಾರೆ? ಇಲ್ಲವೆನ್ನುವ ಅಧಿಕಾರವೂ ಅವನಿಗೆ ಇರಲಿಲ್ಲ ಎಂಬುದು ಬೇರೆ ಮಾತು.

ಕೊಟ್ಟವನ ದೃಷ್ಟಿಯಿಂದ ನೋಡಿದರೆ ಇದು ಷರತ್ತಿನ ದಾನ. ಪಡೆದವನ ದೃಷ್ಟಿಯಿಂದ ನೋಡಿದರೆ ಇದು ಬೆಲೆ ಕೊಟ್ಟು ಕೊಂಡದ್ದು. ನಮ್ಮ ಕಾಯದೆ ಬಹುಕಾಲ ಎರಡನೆಯ ದೃಷ್ಟಿಯನ್ನೇ ಹಿಡಿಯಿತು. 1894ರ ಭೂಸ್ವಾಧೀನ ಕಾಯದೆ 120 ವರ್ಷ ಈ ದೇಶವನ್ನು ಆಳಿತು. ಅದರ ಪ್ರಕಾರ ಒಮ್ಮೆ ಸರಕಾರದ ವಶಕ್ಕೆ ಬಂದ ನೆಲದ ಮೇಲೆ ಹಳೆಯ ಒಡೆಯನ ಹೆಸರು ಉಳಿಯದು. ಉದ್ದೇಶ ಕೈಗೂಡದಿದ್ದರೂ ಮರಳಿ ಕೇಳುವಂತಿಲ್ಲ. 2014ರ ಜನವರಿ 1ರಿಂದ ಜಾರಿಗೆ ಬಂದ 2013ರ ಹೊಸ ಕಾಯದೆ ಮೊದಲನೆಯ ದೃಷ್ಟಿಗೂ ಸ್ವಲ್ಪ ಜಾಗ ಕೊಟ್ಟಿತು. ಆ ಕಾಯದೆಯಂತೆ ಪಡೆದ ನೆಲ ಐದು ವರ್ಷ ಬಳಕೆಯಾಗದೆ ಬಿದ್ದರೆ ಅದು ಮೂಲ ಒಡೆಯನಿಗೆ ಅಥವಾ ಸರಕಾರದ ಭೂ ಬ್ಯಾಂಕಿಗೆ ಮರಳಬೇಕೆಂದು ಅದರ 101ನೆಯ ಕಲಮು ಹೇಳುತ್ತದೆ. ‘ಅಥವಾ’ ಎಂಬ ಒಂದು ಸಣ್ಣ ಶಬ್ದದಲ್ಲಿ ಎಷ್ಟು ದೊಡ್ಡ ಅಗಸೆ ಬಾಗಿಲಿದೆ ಎಂಬುದನ್ನು ವ್ಯಾಕರಣ ಕಲಿಸುವವರು ಗಮನಿಸದಿರಲಾರರು. ಅದಿರಲಿ. ಆ ಕಲಮು ಬಳಕೆಯಾಗದ ನೆಲದ ಮಾತನ್ನಾಡುತ್ತದೆ. ನೂರು ವರ್ಷ ಬಳಕೆಯಾಗಿ, ಹೇಳಿದ ಕೆಲಸವನ್ನು ಪೂರ್ತಿಮಾಡಿ, ಆಮೇಲೆ ಬಿಡುವಾದ ನೆಲದ ಮಾತನ್ನು ಆಡುವುದಿಲ್ಲ. ಮಾತು ತಪ್ಪಿದವನನ್ನು ಏನು ಮಾಡಬೇಕೆಂದು ಕಾಯದೆಗೆ ಗೊತ್ತು. ಮಾತು ನಡೆಸಿಕೊಟ್ಟವನ ಕೈಯಲ್ಲಿ ಉಳಿದ ಒತ್ತೆಯನ್ನು ಏನು ಮಾಡಬೇಕೆಂಬುದು ನೀತಿಯ ಪ್ರಶ್ನೆ.

ಅಮೆರಿಕದಲ್ಲಿ ಇದು ನ್ಯಾಯಾಲಯದ ಮೆಟ್ಟಿಲೇರಿತು. 1983ರಲ್ಲಿ ಅಲ್ಲಿನ ಕಾಂಗ್ರೆಸ್ಸು ಒಂದು ಚತುರವಾದ ಶಾಸನ ಮಾಡಿತು: ರೈಲು ನಿಂತ ಮಾರ್ಗವನ್ನು ನಡೆಯುವವರ ಹಾದಿಯಾಗಿ ಕಾಯ್ದುಕೊಂಡರೆ, ಮುಂದೆಂದಾದರೂ ರೈಲು ಮರಳಬಹುದಾದ್ದರಿಂದ, ಅದನ್ನು ‘ಬಿಟ್ಟ’ ಮಾರ್ಗವೆಂದು ಎಣಿಸುವಂತಿಲ್ಲ. ವರ್ಮಾಂಟ್ ರಾಜ್ಯದ ಒಂದು ಕುಟುಂಬ, ತಮ್ಮ ಹಿತ್ತಲಿನ ಮೂಲಕ ಹೋಗುತ್ತಿದ್ದ ಹಳಿ ಇಲ್ಲವಾದಮೇಲೆ ನೆಲ ತಮ್ಮದೆಂದು ವಾದಿಸಿತು. 1990ರಲ್ಲಿ ಸರ್ವೋಚ್ಚ ನ್ಯಾಯಾಲಯ ಶಾಸನವನ್ನು ಎತ್ತಿಹಿಡಿಯಿತು. ಜೊತೆಗೆ, ನೆಲ ಕಳೆದುಕೊಂಡವರಿಗೆ ಪರಿಹಾರ ಕೇಳುವ ಬಾಗಿಲು ತೆರೆದಿದೆ ಎಂದಿತು. 2014ರಲ್ಲಿ ಅದೇ ನ್ಯಾಯಾಲಯದ ಮುಂದೆ ವ್ಯೋಮಿಂಗ್ ರಾಜ್ಯದ ಇನ್ನೊಂದು ಕುಟುಂಬ ಬಂದಿತು. ಅಲ್ಲಿ 1875ರ ಕಾಯದೆಯಂತೆ ರೇಲ್ವೆಗೆ ಕೊಟ್ಟದ್ದು ನೆಲವನ್ನಲ್ಲ, ದಾಟಿಹೋಗುವ ಹಕ್ಕನ್ನು ಮಾತ್ರ. ದಾಟುವವರು ಹೋದಮೇಲೆ ಹಕ್ಕೂ ಹೋಯಿತು, ನೆಲ ಒಡೆಯನಿಗೆ ಪೂರ್ತಿಯಾಗಿ ಉಳಿಯಿತು ಎಂದು ಒಂಬತ್ತು ಮಂದಿಯಲ್ಲಿ ಎಂಟು ಮಂದಿ ನ್ಯಾಯಾಧೀಶರು ಹೇಳಿದರು. ಎರಡು ತೀರ್ಪುಗಳೂ ತಮ್ಮ ತಮ್ಮ ಆಧಾರದ ಮೇಲೆ ಸರಿಯೇ. ಒಂದು ಹಾದಿಯನ್ನು ಕಾಯಿತು, ಇನ್ನೊಂದು ಒಡೆತನವನ್ನು ಕಾಯಿತು. ನಮ್ಮ ಅಣ್ಣಿಗೇರಿಯ ರೈತರು ಕೇಳಿದ್ದು ಇವೆರಡನ್ನೂ ಅಲ್ಲ. ‘ಒಂದು ಮಾತು ಕೇಳುತ್ತೀರೋ ಇಲ್ಲವೋ’ ಎಂಬುದನ್ನು.

ನೆಲವನ್ನು ಹಳೆಯ ಒಡೆಯನಿಗೇ ಮರಳಿಸಿಬಿಡುವುದೇ ನೇರವಾದ ನ್ಯಾಯವಲ್ಲವೆ ಎಂದು ಕೇಳಬಹುದು. ಮೇಲುನೋಟಕ್ಕೆ ಹಾಗೆಯೇ ಕಾಣುತ್ತದೆ. ಆದರೆ ರೈಲಿನ ಹಾದಿಯ ಸ್ವಭಾವ ಬೇರೆ. ಅದರ ಬೆಲೆ ಅದರ ಎಕರೆಗಳಲ್ಲಿಲ್ಲ, ಅದರ ಅಖಂಡತೆಯಲ್ಲಿದೆ. ಐವತ್ತು ಮೈಲಿಗಳ ಹಾದಿಯಲ್ಲಿ ಒಬ್ಬ ರೈತ ನೂರು ಗಜವನ್ನು ಬೇಲಿ ಹಾಕಿಕೊಂಡರೆ ಅವನಿಗೆ ಸಿಕ್ಕುವುದು ಜಲ್ಲಿ ತುಂಬಿದ, ಜೋಳ ಬೆಳೆಯದ ಒಂದು ದಿಬ್ಬ. ಉಳಿದವರೆಲ್ಲರೂ ಕಳೆದುಕೊಳ್ಳುವುದು ಐವತ್ತು ಮೈಲಿ. ಹರಿದ ಮುತ್ತಿನ ಸರದಲ್ಲಿ ಮುತ್ತುಗಳು ಉಳಿಯುತ್ತವೆ. ಇಲ್ಲಿ ಅದೂ ಇಲ್ಲ. ಇಂಗ್ಲಂಡು ಇದನ್ನು ಅನುಭವಿಸಿ ತಿಳಿಯಿತು. 1963ರಲ್ಲಿ ಬೀಚಿಂಗ್ ಎಂಬ ಅಧಿಕಾರಿಯ ವರದಿ ಸುಮಾರು 5,000 ಮೈಲಿಗಳ ಮಾರ್ಗಗಳನ್ನೂ 2,363 ನಿಲ್ದಾಣಗಳನ್ನೂ ಮುಚ್ಚಬೇಕೆಂದಿತು. ಮುಚ್ಚಿದ ಮಾರ್ಗಗಳಲ್ಲಿ ಎಷ್ಟನ್ನೋ ತುಂಡು ತುಂಡಾಗಿ ಮಾರಿದರು. ಸ್ಕಾಟ್ಲಂಡಿನಲ್ಲಿ ಎಡಿನ್‌ಬರೋದಿಂದ ದಕ್ಷಿಣಕ್ಕೆ ಹೋಗುತ್ತಿದ್ದ ಮಾರ್ಗ 1969ರಲ್ಲಿ ಮುಚ್ಚಿತು. ಜನ ಮತ್ತೆ ರೈಲು ಬೇಕೆಂದು ಹಟಹಿಡಿದು ಅದರ ಸುಮಾರು 30 ಮೈಲಿಗಳನ್ನು 2015ರಲ್ಲಿ ಪಡೆದರು. ಅಷ್ಟರಲ್ಲಿ ಹಳೆಯ ಪಟ್ಟಿಯ ಮೇಲೆ ಅಲ್ಲಲ್ಲಿ ಕಟ್ಟಡಗಳು ಎದ್ದಿದ್ದವು. ತಾತ ಮಾರಿದ್ದನ್ನು ಮೊಮ್ಮಗ ಹಲವು ಪಟ್ಟು ಬೆಲೆ ಕೊಟ್ಟು ಕೊಳ್ಳಬೇಕಾಯಿತು.

ಹಾಗಾದರೆ ನೆಲ ಇಲಾಖೆಯದೇ, ಅದು ತನಗೆ ತೋಚಿದ್ದನ್ನು ಮಾಡಲಿ ಎನ್ನೋಣವೆ? ಅದೂ ಸಲ್ಲದು. ಇಲಾಖೆ ನೆಲದ ಒಡೆಯನಲ್ಲ, ಕಾವಲುಗಾರ. ಕಾವಲುಗಾರನಿಗೆ ಬಾಗಿಲು ಹಾಕುವ ಅಧಿಕಾರವುಂಟು, ಮನೆ ಮಾರುವ ಅಧಿಕಾರವಿಲ್ಲ. ಬರಗಾಲದ ಹೆಸರಿನಲ್ಲಿ ಪಡೆದ ನೆಲದ ಮೇಲೆ ನಾಳೆ ಅಂಗಡಿಗಳ ಸಾಲೆದ್ದು ಬಾಡಿಗೆ ಬಂದರೆ, ಅದು ಲೆಕ್ಕಪತ್ರದಲ್ಲಿ ಲಾಭವೆಂದು ಕಾಣಬಹುದು. ಆದರೆ ಅದು ಹರಕೆಯ ಹುಂಡಿಯಿಂದ ಸಾಲ ಕೊಟ್ಟು ಬಡ್ಡಿ ತಿಂದಂತೆ.

ಉಳಿದದ್ದು ನಡೆಯುವವರ ಹಕ್ಕು. ಇಲ್ಲಿ ನಾವು ಪೇಟೆಯ ಜನ ನಮ್ಮನ್ನು ನಾವೇ ಸ್ವಲ್ಪ ಬಿಗಿಯಾಗಿ ವಿಚಾರಿಸಿಕೊಳ್ಳಬೇಕು. ನಮ್ಮ ಶಾಸನಗಳಲ್ಲಿ ಕೆರೆ ಕಟ್ಟಿಸಿದವರ, ಬಾವಿ ತೋಡಿಸಿದವರ, ಅರವಟ್ಟಿಗೆ ಇಡಿಸಿದವರ, ಛತ್ರ ನಡೆಸಿದವರ ಹೆಸರುಗಳು ಸಾಲು ಸಾಲಾಗಿ ಬರುತ್ತವೆ. ಹಾದಿಹೋಕನಿಗೆ ನೀರು, ನೆರಳು ಕೊಡುವುದು ಪುಣ್ಯವೆಂದು ನಮ್ಮವರು ನಂಬಿದ್ದರು. ಅವನ ಹೆಸರನ್ನು, ಊರನ್ನು ಕೇಳುತ್ತಿರಲಿಲ್ಲ. ಆದರೆ ಆ ಹಾದಿಹೋಕನಿಗೆ ಹೋಗಬೇಕಾದ ಊರಿತ್ತು: ಸಂತೆಗೋ ಜಾತ್ರೆಗೋ ಮಗಳ ಮನೆಗೋ. ನಮ್ಮ ಹೊಸ ಹಾದಿಯ ಪಥಿಕ ಎಲ್ಲಿಗೂ ಹೋಗುವವನಲ್ಲ. ನಾಲ್ಕು ಮೈಲಿ ನಡೆದು, ಹೊರಟಲ್ಲಿಗೇ ಬಂದು, ಮನೆಯಲ್ಲಿ ಕಾಫಿ ಕುಡಿಯುವವನು. ಅನ್ನಕ್ಕಾಗಿ ಕೊಟ್ಟ ನೆಲವನ್ನು ತಿಂದ ಅನ್ನ ಕರಗಿಸುವುದಕ್ಕೆ ಬಳಸಿಕೊಂಡರೆ, ಕೊಟ್ಟವರ ಮೊಮ್ಮಕ್ಕಳಿಗೆ ಹೇಗೆ ಕಾಣಬೇಡ?

ಈ ಆಕ್ಷೇಪಕ್ಕೆ ಉತ್ತರವಿಲ್ಲವೆಂದಲ್ಲ. ಗುರಿಯಿಲ್ಲದ ನಡಿಗೆ ಸೋಮಾರಿಯ ಕೆಲಸವೆಂಬುದು ದುಡಿಸಿಕೊಳ್ಳುವವರು ಹುಟ್ಟಿಸಿದ ಮಾತು. ದಿನವೆಲ್ಲ ಕುಳಿತು ದುಡಿಯುವ ಗುಮಾಸ್ತನಿಗೆ, ನಾಲ್ಕು ಗೋಡೆಗಳ ನಡುವೆ ಬೇಯುವ ಗೃಹಿಣಿಗೆ, ಪಿಂಚಣಿ ಪಡೆದು ಯಾರಿಗೂ ಬೇಡವಾದ ಮುದುಕನಿಗೆ ಒಂದು ತಾಸು ಯಾವ ವಾಹನದ ಭಯವೂ ಇಲ್ಲದೆ ಕೈಬೀಸಿ ನಡೆಯುವ ನೆಲ ದೊರೆತರೆ, ಅದು ಸುಖ ಮಾತ್ರವಲ್ಲ, ಮಾನ. ಹಾದಿಯಲ್ಲಿ ಎದುರಾಗುವ ಇಬ್ಬರು ಒಬ್ಬರಿಗೊಬ್ಬರು ಜಾಗ ಬಿಡುವಾಗ, ಅವರಲ್ಲಿ ಒಬ್ಬ ಸಾಹುಕಾರ, ಇನ್ನೊಬ್ಬ ಅವನ ಅಂಗಡಿಯ ಆಳು ಆಗಿರಬಹುದು; ಆ ಗಳಿಗೆಯಲ್ಲಿ ಇಬ್ಬರೂ ಬರಿಯ ಕಾಲುಗಳು. ಇಂಥ ಸಮಾನತೆಯನ್ನು ಕೊಡುವ ಜಾಗಗಳು ಊರಿನಲ್ಲಿ ಹೆಚ್ಚಿಲ್ಲ. ಆದ್ದರಿಂದ ನಡಿಗೆಯನ್ನು ಸಾರ್ವಜನಿಕ ಉದ್ದೇಶವೆಂದು ಒಪ್ಪಲು ನನಗೆ ಅಡ್ಡಿಯಿಲ್ಲ. ಆದರೆ ಆ ಒಪ್ಪಿಗೆ ನಿಲ್ಲುವುದು ಆ ಹಾದಿ ನಿಜವಾಗಿ ಎಲ್ಲರದೂ ಆಗಿದ್ದರೆ ಮಾತ್ರ. ದ್ವಾರದಲ್ಲಿ ಟಿಕೀಟು, ಒಳಗೆ ಕಾವಲುಗಾರನ ಕೋಲು, ಕುರಿ ಮೇಯಿಸಿಕೊಂಡು ದಾಟುವ ಹುಡುಗನಿಗೆ ಗದರಿಕೆ ಎಂದಾದರೆ, ಅದು ಸಾರ್ವಜನಿಕರಲ್ಲಿ ಕೆಲವರು ಉಳಿದ ಸಾರ್ವಜನಿಕರಿಂದ ಕಸಿದುಕೊಂಡ ನೆಲವಾಗುತ್ತದೆ.

ಹೀಗೆ ಆಗುವುದೇ ಇಲ್ಲವೆಂದು ಹೇಳುವಂತಿಲ್ಲ. ನ್ಯೂಯಾರ್ಕಿನಲ್ಲಿ ಕಂಬಗಳ ಮೇಲೆ ಓಡುತ್ತಿದ್ದ ಒಂದು ಸರಕು ರೈಲಿನ ಮಾರ್ಗ 1980ರಲ್ಲಿ ನಿಂತುಹೋಗಿ, 2009ರಲ್ಲಿ ‘ಹೈಲೈನ್’ ಎಂಬ ಉದ್ಯಾನವಾಯಿತು. ಜಗತ್ತೆಲ್ಲ ಮೆಚ್ಚಿತು. ಆದರೆ ಅದರ ಸುತ್ತಣ ಮನೆಗಳ ಬೆಲೆ ಗಗನಕ್ಕೇರಿ, ನೆರೆಯಲ್ಲಿದ್ದ ಬಡಜನ ತಮ್ಮ ಕೇರಿಯಲ್ಲೇ ಪರಕೀಯರಾದರು. ನೆರೆಯವರನ್ನು ಸರಿಯಾಗಿ ಕೇಳಲಿಲ್ಲವೆಂದು ಅದನ್ನು ಕಟ್ಟಲು ದುಡಿದವರಲ್ಲೇ ಒಬ್ಬರು 2017ರಲ್ಲಿ ಒಪ್ಪಿಕೊಂಡರು. ನಮ್ಮಲ್ಲಿ ಹಳಿಯ ಪಕ್ಕ, ನಾಲೆಯ ದಂಡೆ ಎಂದರೆ ಬೇರೆಲ್ಲೂ ಜಾಗ ಸಿಕ್ಕದವರು ಗುಡಿಸಲು ಹಾಕಿಕೊಳ್ಳುವ ಜಾಗ. ಊರು ಆ ಕಡೆ ಬೆನ್ನು ಹಾಕಿದ್ದಾಗ ಅಲ್ಲಿ ಇದ್ದವರು ಅವರು. ನಾವು ಮೂಗು ಮುಚ್ಚಿಕೊಂಡು ದಾಟಿದ ನಾತದಲ್ಲಿ ಅವರು ಮಕ್ಕಳನ್ನು ಹೆತ್ತು ಬೆಳೆಸಿದರು. ಊರು ಈಗ ಮುಖ ತಿರುಗಿಸಿ, ಆಹಾ, ಎಷ್ಟು ಒಳ್ಳೆಯ ಜಾಗ ಎಂದು ಕಂಡುಕೊಂಡಾಗ, ಮೊದಲು ಮಾಡುವ ಕೆಲಸ ಅವರನ್ನು ಎಬ್ಬಿಸುವುದು. ಅವರಿಗೆ ಪಟ್ಟೆಯಿಲ್ಲ, ಪಹಣಿಯಿಲ್ಲ ಎಂಬುದು ನಿಜ. ಬೆಳಗಿನ ಹೊತ್ತು ನಡೆಯಲು ಬರುವ ನಮ್ಮ ಕಿಸೆಯಲ್ಲಾದರೂ ಅದರ ಪಹಣಿ ಎಲ್ಲಿದೆ?

ಇಷ್ಟೆಲ್ಲ ಹೇಳಿದಮೇಲೆ ನನ್ನ ಮತವನ್ನು ಹೇಳದೆ ಜಾರಿಕೊಳ್ಳುವುದು ಸರಿಯಲ್ಲ. ಎಲ್ಲರಿಗಾಗಿ ಎಂದು ಪಡೆದ ನೆಲ ಎಲ್ಲರದಾಗಿಯೇ ಉಳಿಯಬೇಕು. ಅದನ್ನು ತುಂಡರಿಸಬಾರದು, ಮಾರಬಾರದು. ರೈಲು ಬಿಟ್ಟರೆ ಕಾಲು ನಡೆಯಲಿ, ಸೈಕಲ್ಲು ಓಡಲಿ. ಮುಂದೆಂದಾದರೂ ಈ ನಾಡಿಗೆ ಮತ್ತೆ ಅಲ್ಲಿ ರೈಲು ಬೇಕಾದರೆ ನಡೆಯುವವರು ಗೊಣಗದೆ ಎದ್ದು ಜಾಗ ಬಿಡಲಿ. ಸಕಲೇಶಪುರದ ಘಟ್ಟದಲ್ಲಿ ನಡೆದದ್ದು ಅದೇ ತಾನೆ? ಇದು ಸ್ವಾಮ್ಯವಲ್ಲ, ಸರದಿ. ಆದರೆ ಒಡೆತನ ತೀರಿದ ಮಾತ್ರಕ್ಕೆ ಋಣ ತೀರುವುದಿಲ್ಲ. ಬೆಲೆ ಕೊಟ್ಟದ್ದರಿಂದ ನೆಲದ ಲೆಕ್ಕ ಮುಗಿಯಿತು; ನೂರು ವರ್ಷ ಗೇಟಿನ ತನಕ ಸುತ್ತಿದ ಚಕ್ಕಡಿಯ ಲೆಕ್ಕ ಯಾವ ಕಚೇರಿಯಲ್ಲೂ ಬರೆದಿಲ್ಲ. ಆ ಲೆಕ್ಕ ಹಣದಿಂದ ತೀರುವಂಥದೂ ಅಲ್ಲ.

ಋಣವನ್ನು ತೀರಿಸುವ ಬಗೆಯೇನು? ಅದು ದೊಡ್ಡ ತತ್ತ್ವವಲ್ಲ, ಸಣ್ಣ ಸಣ್ಣ ಕೆಲಸಗಳು. ನಕಾಶೆ ಬರೆಯುವ ಮೊದಲು ಹಾದಿಯ ಇಕ್ಕೆಲಗಳ ಊರುಗಳಲ್ಲಿ ಕಟ್ಟೆಯ ಮೇಲೆ ಕುಳಿತು ಕೇಳುವುದು. ಹಳಿ ಹೋದಮೇಲೆ, ಹೊಲ ಎರಡಾದ ಕಡೆಯಲ್ಲೆಲ್ಲ ಚಕ್ಕಡಿಗೂ ದನಕ್ಕೂ ಅಡ್ಡಹಾದಿ ಬಿಡುವುದು. ಅಲ್ಲಿ ಸೈಕಲ್ಲಿನವನು ಇಳಿದು ನಿಲ್ಲಬೇಕು, ಎತ್ತು ನಿಲ್ಲಬೇಕಾಗಿಲ್ಲ. ದಂಡೆಯಲ್ಲಿ ಗುಡಿಸಲಿದ್ದವರಿಗೆ ಬೇರೆ ಸೂರು ಆಗುವವರೆಗೆ ಡಾಂಬರಿನ ಗಾಡಿ ಬರದಿರುವುದು; ಆದಮೇಲೆ ಆ ಹಾದಿಯ ಕಾವಲು, ತೋಟದ ಕೆಲಸ, ಚಹದ ಅಂಗಡಿ ಮೊದಲು ಅವರಿಗೇ ಸಲ್ಲುವುದು. ಹಾದಿಯ ಮೊದಲಲ್ಲಿ ಒಂದು ಕಲ್ಲು ನಿಲ್ಲಿಸುವುದಾದರೆ, ಅದರ ಮೇಲೆ ಉದ್ಘಾಟನೆ ಮಾಡಿದವರ ಹೆಸರಿನ ಬದಲು, ಯಾವ ಊರಿನ ಎಷ್ಟು ಹೊಲ ಯಾವ ವರ್ಷ ಈ ಹಾದಿಗೆ ಬಂತು ಎಂಬುದನ್ನು ಕೊರೆಯಿಸುವುದು. ನಮ್ಮ ಹಳೆಯ ಶಾಸನಗಳು ಮಾಡಿದ್ದು ಈ ಕೆಲಸವನ್ನೇ: ಕೊಟ್ಟ ನೆಲದ ಎಲ್ಲೆಗಳನ್ನು ಒಂದೊಂದಾಗಿ ಹೇಳಿ, ಇದನ್ನು ಕೆಡಿಸಿದವರಿಗೆ ಪಾಪವೆಂದು ಮುಗಿಸುತ್ತಿದ್ದವು. ಇಂದಿನವರಿಗೆ ಪಾಪದ ಭಯವಿಲ್ಲ. ಓದಿ ನೆನಪಿಡುವ ಅಭ್ಯಾಸವಾದರೂ ಉಳಿದೀತು.

ಆ ರೈತರು ಹೊರಡುವಾಗ ನಾನು ಮಾತು ಕೊಡುವ ಸ್ಥಿತಿಯಲ್ಲಿರಲಿಲ್ಲ. ನನ್ನ ಕೈಯಲ್ಲಿ ರೈಲೂ ಇಲ್ಲ, ನೆಲವೂ ಇಲ್ಲ. ಅವರ ಹೊಲದ ನಡುವೆ ಗದಗಿನ ಗಾಡಿಗಳು ಇನ್ನೂ ಬಹುಕಾಲ ಓಡಲಿವೆ. ಆದರೆ ನಾಲೆಯ ದಂಡೆಯಲ್ಲಿ, ಬೇರೆ ಯಾವುದೋ ಊರಿನ ಹಳೆಯ ಪಟ್ಟಿಯಲ್ಲಿ, ಹಾದಿ ಬೇಕೇ ಎಂದು ನಮ್ಮನ್ನು ಕೇಳುವ ದಿನ ಬಂದೇ ಬರುತ್ತದೆ. ಬೇಕು ಎಂದು ಕೈಯೆತ್ತುವ ಮೊದಲು, ಇದನ್ನು ಇನ್ನಾರನ್ನು ಕೇಳಿದ್ದೀರಿ ಎಂದು ವಿಚಾರಿಸುವುದು ನಮ್ಮ ಪಾಲಿನ ಕೆಲಸ.